ಹಿಮ್ಮಡಿ ಮುಲಾಮಿನ ಗಿರಾಕಿಗಳು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವರು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಮೆಟ್ಟಿಲು ಹತ್ತಿ ಬಂದು, “ಅಕ್ಕ, ಒಸಿ ಇಲ್ನೋಡಿ” ಅಂತ ಕಾಲೆತ್ತಿ ತೋರಿಸುತ್ತದೆ.

ನಾನು ಮೊದಲು ಯಳಂದೂರಿನಲ್ಲಿ ಒಬ್ಬರ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಮದುವೆಯಾದ ಮೇಲೆ ಹನೂರಿನಲ್ಲಿ ಕೆಲವು ವರ್ಷ. ಈಗ ಕೊಳ್ಳೇಗಾಲದಲ್ಲಿ ನನ್ನದೇ ಒಂದು ಸಣ್ಣ ಅಂಗಡಿ. ಮೂರು ಊರಿನಲ್ಲೂ ಒಂದು ವಿಷಯ ಗಮನಿಸಿದ್ದೇನೆ. ಜ್ವರ, ಬಿ.ಪಿ., ಸಕ್ಕರೆ ಕಾಯಿಲೆ ಅಂದರೆ ನಮ್ಮ ಜನ ಹೆದರುತ್ತಾರೆ. ಮಾತ್ರೆಯನ್ನು ಹೇಳಿದ ಹೊತ್ತಿಗೆ, ಹೇಳಿದ ಹಾಗೆ ನುಂಗುತ್ತಾರೆ. ಒಣಚರ್ಮವನ್ನು ಮಾತ್ರ ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ಕೊಡುವ ಮುಲಾಮನ್ನೂ ಔಷಧಿ ಅಂತ ಒಪ್ಪುವುದಿಲ್ಲ. ಕೊಬ್ಬರಿ ಎಣ್ಣೆಯ ತಂಗಿ ಅಂದುಕೊಂಡು ಅದರ ಜೊತೆ ವಿಪರೀತ ಸಲಿಗೆ ಬೆಳೆಸುತ್ತಾರೆ. ಆ ಸಲಿಗೆಯಿಂದ ಆದ ಅನಾಹುತಗಳಲ್ಲಿ ನೆನಪಿರುವಷ್ಟನ್ನು ಹೇಳುತ್ತೇನೆ.

ಕಾಲಿಗೆ ಗೊಬ್ಬರ

ಇದು ಯಳಂದೂರಿನಲ್ಲಿ ನಡೆದದ್ದು. ಅಗರದ ಕಡೆಯಿಂದ ಒಬ್ಬರು ಯಜಮಾನರು ಬಂದರು. ಗದ್ದೆ ಇದ್ದವರು, ಬಿಳೀ ಪಂಚೆ, ಹೆಗಲ ಮೇಲೆ ಟವೆಲ್ಲು. ಹಿಮ್ಮಡಿ ಎಷ್ಟು ಒಡೆದಿತ್ತೆಂದರೆ ಸೀಳಿನೊಳಗೆ ಒಂದು ಕಾಳು ಭತ್ತ ನಿಲ್ಲುತ್ತಿತ್ತು. ಡಾಕ್ಟರು ಬರೆದ ಮುಲಾಮನ್ನು ಕೊಟ್ಟು, ಕಾಲು ತೊಳೆದು ಒರೆಸಿ, ಇನ್ನೂ ಒಂಚೂರು ಪಸೆ ಇರುವಾಗಲೇ ತೆಳ್ಳಗೆ ಹಚ್ಚಬೇಕು, ರಕ್ತ ಬರುತ್ತಿರುವ ಸೀಳಿಗೆ ಹಚ್ಚಬಾರದು, ಉರಿಯುತ್ತದೆ ಅಂತ ಹೇಳಿದೆ. ಅವರು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ, ಇದರೊಳಗೆ ಏನು ಹಾಕಿರ್ತಾರೆ ಅಂತ ಕೇಳಿದರು. ಯೂರಿಯಾ ಅಂದೆ.

ಅವರು ಟ್ಯೂಬನ್ನು ಮೆತ್ತಗೆ ಕೌಂಟರಿನ ಮೇಲೆ ವಾಪಸ್ಸು ಇಟ್ಟರು. ಒಂದು ನಿಮಿಷ ನನ್ನನ್ನೇ ನೋಡಿದರು. ನಾನು ಆಗಿನ್ನೂ ಸಣ್ಣ ಹುಡುಗಿ, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

“ಅಲ್ಲಾ ಕಣವ್ವಾ, ಅದು ಮನೇಲಿ ಮೂಟೆಗಟ್ಲೆ ಅದ. ಎಣ್ಣೆಗೆ ಕಲಸ್ಕಂಡು ಮೆತ್ಕಂಡ್ರೆ ಆಗದಿಲ್ವಾ?”

ಗದ್ದೆಗೆ ಎರಚುವುದೇ ಬೇರೆ, ಇದನ್ನು ಶುದ್ಧ ಮಾಡಿ, ಅಳತೆ ನೋಡಿ ಮುಲಾಮಿಗೆ ಸೇರಿಸಿರುತ್ತಾರೆ, ಇದು ಚರ್ಮದೊಳಗೆ ನೀರು ಹಿಡಿದಿಡುತ್ತದೆ, ಮೂಟೆಯದನ್ನು ಮೆತ್ತಿಕೊಂಡರೆ ಇರುವ ಕಾಲೂ ಕೆಡುತ್ತದೆ ಅಂತ ಬಿಡಿಸಿ ಹೇಳಿದೆ. ನೀರು ಹಿಡಿದಿಡುವ ಮಾತು ಅವರಿಗೆ ಹಿಡಿಸಿತು. ಆಮೇಲೆ ಅವರು ಕೇಳಿದ ಪ್ರಶ್ನೆಗಳೆಲ್ಲ ಬೇಸಾಯದವು. ಒಂದೇ ಸಲ ಹಾಕುವುದೋ, ಎರಡು ಕಂತು ಮಾಡಿ ಹಾಕುವುದೋ. ಹಾಕಿದ ಮೇಲೆ ನೀರು ಕಟ್ಟಬೇಕೋ ಬೇಡವೋ. ಬಿಸಿಲಿದ್ದಾಗ ಹಾಕಬಹುದೋ. ನಾನು ನಗು ತಡೆದುಕೊಂಡು ಉತ್ತರ ಕೊಟ್ಟೆ.

ತಿಂಗಳ ಮೇಲೆ ಬಂದರು. ಹಿಮ್ಮಡಿ ಕೂಡಿಕೊಂಡು ನುಣ್ಣಗಾಗಿತ್ತು. ಹೇಗಿದೆ ಅಂತ ಕೇಳಿದೆ. ಮುಖದಲ್ಲಿ ತೃಪ್ತಿ ಇತ್ತು, ಆದರೆ ಪೂರ್ತಿ ಇರಲಿಲ್ಲ.

“ಫಸಲು ಚೆನ್ನಾಗಿ ಬಂದದ. ಆದ್ರೆ ಉಗುರು ಬಲೇ ಜೋರಾಗಿ ಬೆಳೀತಾವೆ. ಯೂರಿಯಾ ಒಸಿ ಜಾಸ್ತಿ ಆಯ್ತೇನೋ. ಈ ಸಲ ಪೊಟ್ಯಾಷ್ ಇರದು ಕೊಡು.”

ಮೊದಲು ಪರೀಕ್ಷೆ

ಅದೇ ಊರಿನ ನಿವೃತ್ತ ಹೆಡ್ಮಾಸ್ಟರು ಒಬ್ಬರಿಗೆ ಮೊಣಕೈ ಒರಟಾಗಿ ಹೊಟ್ಟು ಏಳುತ್ತಿತ್ತು. ಹೊಸ ಮುಲಾಮು, ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲ, ಮೊದಲು ಕೈಯ ಒಳಭಾಗದಲ್ಲಿ ಒಂದು ಚುಕ್ಕೆಯಷ್ಟು ಹಚ್ಚಿ ಒಂದು ದಿನ ನೋಡಿ, ಕೆಂಪಾಗಲಿಲ್ಲ, ಕಡಿತ ಬರಲಿಲ್ಲ ಅಂದರೆ ಆಮೇಲೆ ಮೊಣಕೈಗೆ ಹಚ್ಚಿ ಅಂತ ಹೇಳಿ ಕಳಿಸಿದೆ. ಜೀವನವೆಲ್ಲ ಮಕ್ಕಳಿಗೆ ಪರೀಕ್ಷೆ ಕೊಟ್ಟವರು, ಗಂಭೀರವಾಗಿ ಕೇಳಿಸಿಕೊಂಡರು.

ವಾರ ಬಿಟ್ಟು ಬಂದರು. ಎರಡೂ ಮೊಣಕೈ ಟೊಮೆಟೊ ಬಣ್ಣ. ನಾನು ಗಾಬರಿಯಾಗಿ, ಪರೀಕ್ಷೆ ಮಾಡಿ ನೋಡಲಿಲ್ಲವಾ ಸಾರ್ ಅಂದೆ.

“ನೋಡದೆ ಇರ್ತೀನಾ? ಒಂದಿನ ಪೂರ್ತಿ ನೋಡ್ದೆ. ನಮ್ಮನೆಯವಳ ಕೈಗೆ ಹಚ್ಚಿದ್ದೆ, ಅವಳಿಗೇನೂ ಆಗ್ಲಿಲ್ಲ.”

ಬಾಗಿಲಿನಿಂದಲೇ ಅಡ್ಡಬಿದ್ದ ವರ

ಹನೂರಿಗೆ ಹೋದ ಹೊಸತು. ಟೈಲ್ಸ್ ಕೆಲಸದ ಹುಡುಗನೊಬ್ಬ ಅಂಗಡಿಗೆ ಬರುತ್ತಿದ್ದ. ದಿನವೆಲ್ಲ ಸಿಮೆಂಟಿನಲ್ಲಿ ಬರಿಗಾಲಲ್ಲಿ ನಿಂತು ನಿಂತು ಅವನ ಪಾದ ಬತ್ತಿದ ಕೆರೆಯ ನೆಲದಂತೆ ಬಿರಿದಿತ್ತು. ಅವನ ಸಂಕಟ ನೋವಿನದಲ್ಲ. ಭಾನುವಾರ ಹೆಣ್ಣು ನೋಡಲು ಹೋಗುವುದಿತ್ತು. ಹೆಣ್ಣಿನ ಮನೆಯಲ್ಲಿ ಚಪ್ಪಲಿ ಹೊರಗೆ ಬಿಡಲೇಬೇಕು, ಬಿಟ್ಟರೆ ಕಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಿಂದೆ ಬಂದಿದ್ದ ಒಂದು ಸಂಬಂಧ ಈ ಕಾಲಿನಿಂದಲೇ ಮುರಿದಿತ್ತು. ಮುಖ ನೋಡಿ ಒಪ್ಪಿಕೊಂಡಿದ್ದ ಹುಡುಗಿಯ ಚಿಕ್ಕಮ್ಮ, ಕಾಲು ನೋಡಿ, ಹುಡುಗ ವಯಸ್ಸು ಮುಚ್ಚಿಟ್ಟಿದ್ದಾನೆ ಅಂದುಬಿಟ್ಟಿದ್ದರಂತೆ.

ಮಲಗುವ ಮುಂಚೆ ತೆಳ್ಳಗೆ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗು ಅಂದೆ. ಹಚ್ಚಿದ ಕೂಡಲೇ ಬರಿಗಾಲಲ್ಲಿ ಓಡಾಡಬೇಡ, ಜಿಡ್ಡಿಗೆ ಜಾರುತ್ತದೆ ಅಂತ ಎರಡು ಸಲ ಹೇಳಿದೆ. ನೆಲ ಜಾರುವುದು ಟೈಲ್ಸ್‌ನವನಿಗೆ ಹೇಳಿಕೊಡಬೇಕಾ ಮೇಡಂ ಅಂದ.

ಶನಿವಾರದವರೆಗೆ ಎಲ್ಲ ಸರಿಯಾಗಿಯೇ ಮಾಡಿದ. ಕಾಲು ಸುಮಾರಾಗಿ ನಯವೂ ಆಯಿತು. ಭಾನುವಾರ ಬೆಳಿಗ್ಗೆ ಆಸೆ ಹೆಚ್ಚಾಗಿ, ಟ್ಯೂಬಿನಲ್ಲಿ ಉಳಿದಿದ್ದನ್ನೆಲ್ಲ ಹಿಂಡಿ, ಗೋಡೆಗೆ ಪುಟ್ಟಿ ಬಳಿದ ಹಾಗೆ ಅಂಗಾಲಿಗೆ ಬಳಿದುಕೊಂಡು, ಕಾಲುಚೀಲವಿಲ್ಲದೆ ಶೂ ಹಾಕಿಕೊಂಡು ಹೊರಟ. ಹೆಣ್ಣಿನವರು ಹೊಸ ಮನೆ ಕಟ್ಟಿಸಿದ್ದರು. ಹಾಲಿನ ನೆಲ ಕನ್ನಡಿಯಂತಿತ್ತು.

ಮುಂದೆ ನಡೆದದ್ದನ್ನು ಅವನ ತಾಯಿ ನನ್ನ ಅಂಗಡಿಯಲ್ಲೇ ಅಭಿನಯಿಸಿ ತೋರಿಸಿದರು. ಇವನು ಶೂ ಬಿಚ್ಚಿ ಒಳಗೆ ಬಲಗಾಲಿಟ್ಟ. ಆ ಕಾಲು ಇವನನ್ನು ಕೇಳದೆ ಮುಂದೆ ಹೋಯಿತು. ಹಿಡಿದುಕೊಳ್ಳಲು ಬಾಗಿಲಿನ ತೋರಣಕ್ಕೆ ಕೈ ಹಾಕಿದ, ತೋರಣ ಕಿತ್ತು ಕೈಗೆ ಬಂತು. ಮಂಡಿಯೂರಿದವನು ಹಾಗೇ ಜಾರಿಕೊಂಡು, ಹುಡುಗಿಯ ಅಪ್ಪನನ್ನು ದಾಟಿ, ಕಾಫಿ ಲೋಟವಿಟ್ಟಿದ್ದ ಟೀಪಾಯಿ ದಾಟಿ, ಸೋಫಾದ ಮೇಲೆ ಕೂತಿದ್ದ ಹುಡುಗಿಯ ಅಜ್ಜಿಯ ಪಾದದ ಹತ್ತಿರ ತಲೆಯಿಟ್ಟು ನಿಂತ. ಕೈಯಲ್ಲಿದ್ದ ತೋರಣ ಅಜ್ಜಿಯ ಪಾದದ ಮೇಲೆ ಬಿತ್ತು.

ಅವನ ತಾಯಿಗೆ ಇದೂ ಕೈತಪ್ಪಿತಲ್ಲ ಅಂತ ಕಣ್ಣಲ್ಲಿ ನೀರು. ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟು ಮಗನ ಕಡೆ ತಿರುಗಿದರಂತೆ.

“ಈಗಿನ ಐಕಳು ಬಗ್ಗದೇ ಕಷ್ಟ ಕಣ್ಲಾ. ಈ ಮಗ ನೋಡು, ಬಾಗ್ಲಿಂದ್ಲೇ ಅಡ್ಡಬಿದ್ಕಂಡು ಬಂದ. ಇನ್ನೇನೂ ನೋಡ್ಬೇಡ, ಇಲ್ಗೇ ಕೊಡು.”

ಕೊಟ್ಟರು. ಮದುವೆಯಾಗಿ ಈಗ ಅವನಿಗೆ ಒಂದು ಮಗುವೂ ಇದೆ. ಅಳಿಯನಾಗಿ ಎಲ್ಲ ಸುಖವಾಗಿದೆಯಂತೆ, ಒಂದೇ ಕಷ್ಟ. ಅವನು ಬರುವ ಸುದ್ದಿ ತಿಳಿದರೆ ಸಾಕು, ಅಜ್ಜಿ ಸೋಫಾದಲ್ಲಿ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಬಾಗಿಲ ಕಡೆಯೇ ನೋಡುತ್ತಿರುತ್ತಾರಂತೆ.

ಆಡು ಮುಟ್ಟಿದ ಕಾಲು

ಕೌದಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹಿರಿಯನಿಗೆ ಆಡು ಕಾಯುವ ಕೆಲಸ. ಮೊಣಕಾಲಿನಿಂದ ಕೆಳಗೆ ಚರ್ಮ ಮೀನಿನ ಹುರುಪೆಯಂತೆ ಎದ್ದಿತ್ತು. ಅವನಿಗೂ ಯೂರಿಯಾ ಸೇರಿದ ಮುಲಾಮನ್ನೇ ಬರೆದಿದ್ದರು. ನನ್ನ ಮಾತುಗಳನ್ನೆಲ್ಲ ಕೈಕಟ್ಟಿ ಕೇಳಿಸಿಕೊಂಡು ಹೋದ. ಆದರೆ ಟ್ಯೂಬು ಬೇಗ ಬೇಗ ಖಾಲಿಯಾಗುತ್ತಿತ್ತು, ಕಾಲು ಮಾತ್ರ ಇದ್ದ ಹಾಗೇ ಇರುತ್ತಿತ್ತು. ದಪ್ಪಗೆ ಮೆತ್ತುತ್ತೀಯಾ ಅಂದೆ, ಇಲ್ಲ ಅಂದ. ಮನೆಯಲ್ಲಿ ಬೇರೆ ಯಾರಾದರೂ ಹಚ್ಚಿಕೊಳ್ಳುತ್ತಾರಾ ಅಂದೆ, ಯಾರೂ ಮುಟ್ಟಲ್ಲ ಅಂದ.

ಯಾವ ಹೊತ್ತಿಗೆ ಹಚ್ಚುತ್ತೀಯ ಅಂತ ಕೇಳಿದೆ. ಬೆಳಿಗ್ಗೆ ಸ್ನಾನವಾದ ಮೇಲೆ, ಹಟ್ಟಿಯ ಮುಂದಿನ ಕಲ್ಲಿನ ಮೇಲೆ ಕೂತು. ಆಮೇಲೆ? ಆಮೇಲೆ ಆಡಿನ ದೊಡ್ಡಿಯ ಬಾಗಿಲು ತೆಗೆಯುತ್ತೇನೆ. ಆಮೇಲೆ?

“ಆಮ್ಯಾಕೆ ಅವು ಬಂದು ನೆಕ್ತವೆ” ಅಂದ. ಬೆಳಗಾದರೆ ಬೆಳಕಾಗುತ್ತದೆ ಅನ್ನುವಷ್ಟು ಸಹಜವಾಗಿ.

ಮುಲಾಮಿನ ಉಪ್ಪು ರುಚಿಗೆ ಆಡುಗಳು ಮುಗಿಬೀಳುತ್ತಿದ್ದವು. ಇವನು ಒಂದು ಕಾಲಾದ ಮೇಲೆ ಇನ್ನೊಂದು ಕಾಲು ಚಾಚಿ ಕೂರುತ್ತಿದ್ದನಂತೆ. ಯಾಕಪ್ಪಾ ಸುಮ್ಮನಿದ್ದೆ ಅಂತ ಕೇಳಿದರೆ ತಪ್ಪೆಲ್ಲ ನನ್ನ ಮೇಲೇ ಬಂತು. ಮೆತ್ತಗೆ ಚರ್ಮಕ್ಕೆ ಇಳಿಯುವ ಹಾಗೆ ಉಜ್ಜಬೇಕು ಅಂತ ನಾನೇ ಹೇಳಿದ್ದೆನಂತೆ. ಅವನ ಕೈ ಒರಟಂತೆ, ಆಡಿನ ನಾಲಿಗೆಯೇ ಮೆತ್ತಗಿತ್ತಂತೆ.

ಅದು ಆಡಿನ ಹೊಟ್ಟೆಗೆ ಹೋಗಬಾರದು, ಔಷಧಿ ಅದು, ದೊಡ್ಡಿ ಮುಚ್ಚಿದ ಮೇಲೆ ಸಂಜೆ ಹಚ್ಚಿಕೊಂಡು ಮೇಲೊಂದು ಹಳೆ ಬಟ್ಟೆ ಸುತ್ತಿಕೋ, ಆಡು ಮಂಕಾದರೆ ಪಶು ಆಸ್ಪತ್ರೆಗೆ ತೋರಿಸು ಅಂತ ಹೇಳಿದೆ. ಆಡಿಗೆ ಕೆಡುಕು ಅಂದ ಕೂಡಲೇ ಅವನ ಮುಖ ಇಳಿದುಹೋಯಿತು. ತನ್ನ ಕಾಲಿನ ಬಗ್ಗೆ ಒಂದು ದಿನವೂ ಅಷ್ಟು ಚಿಂತೆ ಮಾಡಿದವನಲ್ಲ.

ಮುಂದಿನ ಸಲ ಬಂದಾಗ ಕಾಲು ನಯವಾಗುತ್ತಿತ್ತು. ಆಡು ಹೇಗಿವೆ ಅಂದೆ. ಒಂದಕ್ಕೂ ಏನೂ ಆಗಿಲ್ಲ ಅಂತ ನಕ್ಕು, ಹೊರಡುವ ಮುಂಚೆ ಕೌಂಟರಿಗೆ ಬಗ್ಗಿ ಗುಟ್ಟಿನಲ್ಲಿ ಅಂದ:

“ಈ ಮುಲಾಮು ಒಳ್ಳೇದು ಕಣಕ್ಕ, ಸುಳ್ಳಲ್ಲ. ಆಡುಗಳ ನಾಲ್ಗೆ ನೋಡ್ಬೇಕು ನೀವು, ಏನು ನುಣುಪು.”

ಬೆಂಕಿ ಹತ್ತುವ ಗಂಡ

ಹನೂರಿನದೇ ಇನ್ನೊಂದು. ಲಾರಿ ಓಡಿಸಿ ನಿವೃತ್ತರಾದ ಒಬ್ಬರು. ಚಳಿಗಾಲ ಬಂದರೆ ಮೈಯೆಲ್ಲ ಒಣಗಿ ಕೆರೆತ. ಡಾಕ್ಟರು ಜಿಡ್ಡಿನ ಮುಲಾಮು ಬರೆದು, ಮೈಗೆಲ್ಲ ಹಚ್ಚಲು ಹೇಳಿದ್ದರು. ಅದನ್ನು ತಗೊಂಡು ಹೋಗಲು ಅವರ ಹೆಂಡತಿ ಬಂದಿದ್ದರು. ಬಡಕಲು ಹೆಂಗಸು, ಮಾತಿನ ನಡುವೆ ಕೆಮ್ಮುತ್ತಿದ್ದರು. ಗಂಡನದು ದಿನಕ್ಕೆ ಎರಡು ಕಟ್ಟು ಬೀಡಿ. ಮನೆ ಚಿಕ್ಕದು, ಹೊಗೆಯೆಲ್ಲ ಇವರ ಎದೆಗೆ.

ನಾನು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ. ಈ ಮುಲಾಮಿನ ಜಿಡ್ಡು ಪಂಚೆಗೆ, ಟವೆಲ್ಲಿಗೆ, ದುಪ್ಪಟಿಗೆ ಅಂಟಿಕೊಳ್ಳುತ್ತದೆ. ಅಂಥ ಬಟ್ಟೆಗೆ ಕಿಡಿ ಬಿದ್ದರೆ ಬೇಗ ಹತ್ತಿಕೊಂಡು ಉರಿಯುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಒಲೆ, ದೀಪ, ಬೀಡಿ ಇವುಗಳಿಂದ ದೂರ ಇರಬೇಕು.

ಬೀಡಿ ಅನ್ನುವ ಮಾತಿಗೆ ಅವರ ಕೆಮ್ಮು ನಿಂತುಹೋಯಿತು. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಆಮೇಲೆ ಫೋನು ತೆಗೆದು ಗಂಡನಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ, ಇದನ್ನೇ ಒಸಿ ಜೋರಾಗಿ ಅವರಿಗೂ ಹೇಳಿ ಅಂದರು. ಹೇಳಿದೆ.

ಅವತ್ತಿನಿಂದ ಆ ಗಂಡನ ಬಾಳು ಬದಲಾಯಿತು. ಹೆಂಡತಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು. ಅಕ್ಕಪಕ್ಕದವರು ಇವರು ಬಂದರೆ ಒಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದರು. ಟೀ ಅಂಗಡಿಯಲ್ಲಿ ಇವರು ಬೆಂಚಿನ ಮೇಲೆ ಕೂತರೆ ಸೇದುತ್ತಿದ್ದವರು ಎದ್ದು ರಸ್ತೆ ದಾಟಿದರು. ಬೆಂಕಿಪೊಟ್ಟಣ ಕೇಳಿದರೆ ಯಾರೂ ಕೊಡಲಿಲ್ಲ. ಎಷ್ಟೋ ವರ್ಷದ ಬೀಡಿ ನಿಂತುಹೋಯಿತು.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವರೇ ಬಂದರು. ತೋಳು ತೋರಿಸಿದರು. ಚರ್ಮ ಚೆನ್ನಾಗಿ ವಾಸಿಯಾಗಿತ್ತು. ಡಾಕ್ಟರು ಕೂಡ ಸಾಕು ಅಂದಿದ್ದಾರೆ, ಆ ಮಾತನ್ನು ನೀವೇ ಒಂದು ಸಲ ನಮ್ಮನೆಯವಳಿಗೆ ಫೋನಿನಲ್ಲಿ ಹೇಳಿ, ನಾನು ಹೇಳಿದರೆ ನಂಬುವುದಿಲ್ಲ ಅಂತ ಕೈಮುಗಿದರು. ಅವರ ಮುಖ ನೋಡಲಾರದೆ ಫೋನು ಮಾಡಿದೆ. ಯಜಮಾನರ ಚರ್ಮ ವಾಸಿಯಾಗಿದೆಯಂತೆ, ಮುಲಾಮು ನಿಲ್ಲಿಸಬಹುದಂತೆ ಅಂದೆ.

“ವಾಸಿಯಾಗಿರದು ಅವ್ರ ಚರ್ಮ ಕಣಕ್ಕ” ಅಂದರು ಆಕೆ. “ನನ್ನ ಕೆಮ್ಮು ಈಗ ತಾನೆ ವಾಸಿಯಾಯ್ತಾ ಅದ. ಇನ್ನೊಂದು ವರ್ಷ ಹಚ್ಲಿ.”

ತಿಥಿಯ ಕಣ್ಣೀರು

ಕೊಳ್ಳೇಗಾಲಕ್ಕೆ ಬಂದ ಮೇಲೆ ರೇಷ್ಮೆ ಮಗ್ಗದ ಮನೆಯವರು ನನ್ನ ಗಿರಾಕಿಗಳಾದರು. ಬೆರಳು ಒರಟಾದರೆ ನೂಲು ಸಿಕ್ಕಿಕೊಂಡು ಎಳೆ ಕೀಳುತ್ತದೆ. ಹಾಗಾಗಿ ಅವರಿಗೆ ಕೈ ನುಣ್ಣಗಿರುವುದು ಶೋಕಿಯಲ್ಲ, ಕಸುಬು. ಅಂಥ ಒಂದು ಮನೆಯ ಸೊಸೆಗೆ ಡಾಕ್ಟರು ಸ್ವಲ್ಪ ಗಟ್ಟಿ ಮುಲಾಮು ಬರೆದಿದ್ದರು. ಸತ್ತ ಚರ್ಮವನ್ನು ಸುಲಿದು ತೆಗೆಯುವಂಥದ್ದು. ಕೈಗೆ ಮಾತ್ರ, ಮುಖದ ಹತ್ತಿರವೂ ಒಯ್ಯಬೇಡ ಅಂತ ನಾನು ಹೇಳಿದ್ದೆ, ಸೊಸೆ ಹಾಗೇ ನಡೆದುಕೊಂಡಳು.

ಅವಳ ಅತ್ತೆ ಅದನ್ನೆಲ್ಲ ಕೇಳಿಸಿಕೊಂಡಿರಲಿಲ್ಲ. ಸೊಸೆಯ ಕೈ ದಿನದಿನಕ್ಕೆ ನುಣ್ಣಗಾಗುವುದನ್ನು ಮಾತ್ರ ನೋಡುತ್ತಿದ್ದರು. ಅಷ್ಟರಲ್ಲಿ ಅವರ ವಾರಗಿತ್ತಿ ತೀರಿಕೊಂಡರು. ಇವರಿಬ್ಬರಿಗೂ ವರ್ಷಗಳಿಂದ ಮಾತಿರಲಿಲ್ಲ. ಯಾವುದೋ ಮದುವೆಯಲ್ಲಿ ಊಟಕ್ಕೆ ಮೊದಲು ಯಾರನ್ನು ಕರೆದರು ಅನ್ನುವಲ್ಲಿಂದ ಶುರುವಾದ ಮುನಿಸು. ಸಾವಿಗೂ ಹೋಗಿರಲಿಲ್ಲ. ತಿಥಿಗಾದರೂ ಹೋಗದಿದ್ದರೆ ಊರು ಬಾಯಿಗೆ ಬಂದ ಹಾಗೆ ಮಾತಾಡುತ್ತದೆ ಅಂತ ಹೊರಟರು. ಅಷ್ಟು ಜನ ನೆಂಟರ ಮುಂದೆ ಒಣಗಿದ ಮುಖ ಇಟ್ಟುಕೊಂಡು ಹೋಗುವುದು ಬೇಡ ಅಂತ, ಸೊಸೆಗೆ ಕಾಣದ ಹಾಗೆ ಆ ಮುಲಾಮನ್ನು ಮುಖದ ತುಂಬ ಹಚ್ಚಿಕೊಂಡು ಬಸ್ಸು ಹತ್ತಿದರು.

ಬಸ್ಸು ಊರು ದಾಟುವ ಹೊತ್ತಿಗೆ ಉರಿ ಶುರುವಾಯಿತು. ಬಿಸಿಲಿಗೆ ಬೆವರು, ಬೆವರಿನ ಜೊತೆ ಮುಲಾಮು ಕಣ್ಣಿನ ಅಂಚಿಗೆ. ತಿಥಿಯ ಮನೆಯ ಬಾಗಿಲಿಗೆ ಬರುವಾಗ ಮುಖ ಕೆಂಡ, ಕಣ್ಣಲ್ಲಿ ಧಾರಾಕಾರ. ಮಾತಾಡಲೂ ಆಗದೆ, ಫೋಟೋದ ಮುಂದೆ ಸೆರಗು ಮುಚ್ಚಿಕೊಂಡು ಬಿಕ್ಕುತ್ತಾ ನಿಂತರು. ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಪ್ರೀತಿ ಒಳಗಿಟ್ಟುಕೊಂಡಿದ್ದರಾ ಅಂತ ಮುದುಕಿಯರೂ ಅತ್ತರು. ತೀರಿಕೊಂಡವರ ಹೆಣ್ಣುಮಕ್ಕಳು ಓಡಿ ಬಂದು, ದೊಡ್ಡವ್ವಾ ಅಂತ ತಬ್ಬಿಕೊಂಡು, ಮುಖ ತೊಳೆಯಲು ತಣ್ಣೀರು ಕೊಟ್ಟರು. ಆ ನೀರೇ ಇವರ ಜೀವ ಉಳಿಸಿದ್ದು. ಆಮೇಲೆ ಆ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುವಾಗ ನಿಜವಾಗಿಯೂ ಅಳು ಬಂತಂತೆ. ಅದನ್ನು ಯಾರೂ ಗಮನಿಸಲಿಲ್ಲ.

ಸಂಜೆ ಸೊಸೆ ಅವರನ್ನು ನನ್ನ ಹತ್ತಿರ ಕರೆತಂದಳು. ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತ ಕಳಿಸಿದೆ. ಪುಣ್ಯಕ್ಕೆ ಕಣ್ಣಿಗೇನೂ ಆಗಿರಲಿಲ್ಲ. ನಾಲ್ಕು ದಿನದಲ್ಲಿ ಮುಖವೂ ಸರಿಹೋಯಿತು. ಎರಡೂ ಮನೆಯವರು ಮತ್ತೆ ಹೋಗಿಬಂದು ಮಾಡುತ್ತಿದ್ದಾರೆ ಅಂತ ಸೊಸೆ ಹೇಳಿದಳು. ಅತ್ತೆ ಒಬ್ಬರೇ ಒಂದು ದಿನ ಬಂದು, ಅಂಗಡಿ ಖಾಲಿಯಾಗುವವರೆಗೆ ಕಾದು, ಪಿಸುಗುಟ್ಟಿದರು.

“ಇನ್ನೊಬ್ಬ ವಾರಗಿತ್ತಿ ಅವ್ಳೆ, ಅವ್ಳ್ ಕೂಡೆಯೂ ಮಾತಿಲ್ಲ. ಮುಂದ್ಲ ತಿಂಗ್ಳು ಅವ್ಳ ಮನೆ ಗೃಹಪ್ರವೇಶ. ಉರಿ ಕಮ್ಮಿ ಇರೋದು ಯಾವ್ದಾರ ಅದಾ?”

ಒಂದು ಹೆಬ್ಬೆಟ್ಟು

ಇನ್ನೊಂದು ಹೇಳಿ ಮುಗಿಸುತ್ತೇನೆ. ಇದನ್ನು ನೆನೆದು ಈಗಲೂ ಒಬ್ಬಳೇ ನಗುತ್ತೇನೆ.

ಕೊಳ್ಳೇಗಾಲದ ಪಕ್ಕದ ಹಳ್ಳಿಯ ಅಜ್ಜಿ. ಕಳೆ ಕಿತ್ತು, ಬೂದಿಯಲ್ಲಿ ಪಾತ್ರೆ ತಿಕ್ಕಿ, ಸಗಣಿ ಬಾಚಿ ಕೈಯ ಚರ್ಮ ತೆಂಗಿನ ಮಟ್ಟೆಯಾಗಿತ್ತು. ಹೆಬ್ಬೆಟ್ಟಿನಲ್ಲಿ ಗೆರೆಯೇ ಉಳಿದಿರಲಿಲ್ಲ. ರೇಷನ್ ಕೊಡುವ ಸೊಸೈಟಿಯ ಮಿಷನ್ನು ಅಜ್ಜಿಯ ಹೆಬ್ಬೆಟ್ಟನ್ನು ಒಪ್ಪದೆ ಎರಡು ತಿಂಗಳಾಗಿತ್ತು. ಫೋನಿಗೆ ಬರುವ ನಂಬರು ಹೇಳಿ ತಗೊಳ್ಳೋಣವೆಂದರೆ ಆ ಫೋನು ಅಳಿಯನದು, ಅವನು ಸಿಮ್ಮು ಬದಲಾಯಿಸಿದ್ದ. ಅಕ್ಕಿಯ ಚಿಂತೆಗಿಂತ ಅಜ್ಜಿಗೆ ಅವಮಾನ ದೊಡ್ಡದಾಗಿತ್ತು. ಸೊಸೈಟಿಯವನು ಒಳ್ಳೆಯವನೇ, ಮೆತ್ತಗೇ ಹೇಳಿದ್ದನಂತೆ: ಅಜ್ಜಿ, ನೀವು ನೀವಲ್ಲ ಅಂತ ಇದು ಹೇಳ್ತಾ ಅದೆ. “ಹುಟ್ಟಿದ್ಲಿಂದ ನಾನೇ ಆಗಿದ್ದೀನಿ, ಈಗ ಇದ್ಯಾವ ಡಬ್ಬ ಬಂದು ಅಲ್ಲ ಅಂತದ” ಅಂತ ಅಜ್ಜಿ ನನ್ನ ಮುಂದೆ ಕಣ್ಣೊರೆಸಿಕೊಂಡಿತು.

ಚರ್ಮದ ಡಾಕ್ಟರು ಮುಲಾಮು ಬರೆದಿದ್ದರು. ದಿನಕ್ಕೆರಡು ಸಲ ಕೈ ತೊಳೆದು ಹಚ್ಚು, ಚರ್ಮ ಸರಿಯಾದರೆ ಗೆರೆ ಕಾಣಬಹುದು, ಆದರೆ ಸೊಸೈಟಿಗೆ ಹೋಗುವ ದಿನ ಹಚ್ಚಬೇಡ ಅಂದೆ. ಮೊದಲಿನದೆಲ್ಲ ನೆನಪಿತ್ತು, ಕೊನೆಯದು ಮರೆತುಹೋಯಿತು. ಅಜ್ಜಿ ಸಾಲಿನಲ್ಲಿ ನಿಂತು, ತನ್ನ ಸರದಿ ಬರುವ ಮುಂಚೆ ಚೆನ್ನಾಗಿ ಹಚ್ಚಿಕೊಂಡು ಹೆಬ್ಬೆಟ್ಟು ಒತ್ತಿತು. ಅದು ಗಾಜಿನ ಮೇಲೆ ಜಾರಿತು. ಮತ್ತೆ ಒತ್ತಿತು. ಅಷ್ಟರಲ್ಲಿ ಸಾಲಿನಲ್ಲಿದ್ದವರಿಗೆ, ಇದು ಹೆಬ್ಬೆಟ್ಟು ಒತ್ತಲೆಂದೇ ಬಂದಿರುವ ಔಷಧಿ ಅನ್ನಿಸಿ, ನನಗೊಸಿ ನನಗೊಸಿ ಅಂತ ಅಜ್ಜಿಯ ಟ್ಯೂಬಿನಿಂದಲೇ ಎಲ್ಲರೂ ಸವರಿಕೊಂಡರು. ಮಿಷನ್ನಿನ ಕಣ್ಣು ಪೂರ್ತಿ ಮುಚ್ಚಿಹೋಯಿತು. ಯಾರದೂ ಹೊಂದಲಿಲ್ಲ. ಸೊಸೈಟಿಯವನು ನನಗೆ ಫೋನು ಮಾಡಿದ.

“ಅಕ್ಕ, ಏನು ಮುಲಾಮು ಕೊಟ್ರಿ ನೀವು? ಮಿಷನ್ ಪ್ರಕಾರ ಈಗ ಈ ಊರಲ್ಲಿ ಯಾರೂ ಇಲ್ಲ.”

ಮಿಷನ್ನನ್ನು ಒಣಬಟ್ಟೆಯಲ್ಲಿ ಒರೆಸಿ, ಎಲ್ಲರಿಗೂ ಸೋಪಿನಲ್ಲಿ ಕೈ ತೊಳೆಸಿ ಒಣಗಿಸಲು ಹೇಳಿದೆ. ಊರು ಒಬ್ಬೊಬ್ಬರಾಗಿ ವಾಪಸ್ಸು ಬಂತು, ಅಜ್ಜಿಯನ್ನು ಬಿಟ್ಟು. ನಾನು ಅಜ್ಜಿಯನ್ನು ಕರೆಸಿ, ಒಬ್ಬರ ಟ್ಯೂಬು ಒಬ್ಬರಿಗೆ ಕೊಡಬಾರದು ಅಂತ ಬೈದು, ಹೊಸದು ಕೊಟ್ಟು, ಇನ್ನೂ ಒಂದು ತಿಂಗಳು ಬಿಡದೆ ಹಚ್ಚಲು ಹೇಳಿದೆ.

ಮುಂದಿನ ತಿಂಗಳು ಅಜ್ಜಿ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಕಣ್ಣುಮುಚ್ಚಿಕೊಂಡು ಒತ್ತಿತು. ಮಿಷನ್ನು ಒಂದೇ ಸಲಕ್ಕೆ ಒಪ್ಪಿತು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಅಜ್ಜಿ ನನಗೆ ಮಡಿಲು ತುಂಬ ಅವರೆಕಾಯಿ ತಂದು ಸುರಿದು, ನಾನು ನಾನೇ ಅಂತ ಆಯ್ತು ಕಣವ್ವ ಅಂತ ನನ್ನ ಕೆನ್ನೆ ಸವರಿತು. ಕೈ ಹೂವಿನಂತಿತ್ತು.

ವಾರವಾಗಿರಲಿಲ್ಲ, ಅಜ್ಜಿ ಮತ್ತೆ ಬಂತು. ಮುಖ ಸಪ್ಪಗಿತ್ತು. ಕುಂಟುತ್ತಿತ್ತು. ಮನೆಯಲ್ಲಿ ಒಂದು ಎಮ್ಮೆ, ಅಜ್ಜಿಯ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಟ್ಟದ್ದಲ್ಲ. ಈಗ ಅಜ್ಜಿ ಕೆಚ್ಚಲಿಗೆ ಕೈ ಹಾಕಿದರೆ ಬೆಚ್ಚಿ ಒದೆಯುತ್ತಿದೆ. ಅಜ್ಜಿ ಅದರ ಹಣೆ ಸವರಿತು, ಹೆಸರು ಹಿಡಿದು ಕರೆಯಿತು, ದಿನಾ ಉಡುತ್ತಿದ್ದ ಹಳೇ ಸೀರೆಯನ್ನೇ ಉಟ್ಟುಕೊಂಡು ಹೋಯಿತು. ಎಮ್ಮೆ ತಿರುಗಿ ಮೂಸಿ ನೋಡುತ್ತದೆ, ಸುಮ್ಮನಾಗುತ್ತದೆ. ನುಣುಪು ಕೈ ತಾಗಿದ ಕೂಡಲೇ ಮತ್ತೆ ಒದೆಯುತ್ತದೆ.

“ಮಿಷನ್ನು ನಾನು ನಾನೇ ಅಂತು. ಈಗ ಎಮ್ಮೆ ಅಲ್ಲ ಅಂತದ. ಯಾರ ಮಾತ ಕೇಳದವ್ವ ನಾನು?”

ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಮುಲಾಮಿನ ವಾಸನೆಯೂ ಇರಬಹುದು, ಹಾಲು ಕರೆಯುವ ಮುಂಚೆ ಹೇಗೂ ಕೈ ಚೆನ್ನಾಗಿ ತೊಳೆಯಲೇಬೇಕು, ನಿಧಾನಕ್ಕೆ ಅದಕ್ಕೂ ಅಭ್ಯಾಸವಾಗುತ್ತದೆ ಅಂತ ಸಮಾಧಾನ ಹೇಳಿ ಕಳಿಸಿದೆ. ಅಭ್ಯಾಸವಾಗುವವರೆಗೆ ಕಾಯುವ ಜೀವ ಅದಲ್ಲ.

ಮತ್ತೆ ಬಂದಾಗ ಅಜ್ಜಿ ಗೆಲುವಾಗಿತ್ತು. ಎಮ್ಮೆ ಹಾಲು ಕೊಡುತ್ತಿದೆ, ರೇಷನ್ನೂ ಬಂತು ಅಂದಿತು. ಅದು ಹೇಗೆ ಅಂತ ಕೇಳಿದೆ. ಅಜ್ಜಿ ಎರಡೂ ಕೈ ಕೌಂಟರಿನ ಮೇಲೆ ಹರಡಿತು. ಬೆರಳೆಲ್ಲ ಮೊದಲಿನ ಹಾಗೇ ತೆಂಗಿನ ಮಟ್ಟೆ. ಎಡಗೈ ಹೆಬ್ಬೆಟ್ಟು ಒಂದು ಮಾತ್ರ, ಎಳೆ ಮಗುವಿನದರಂತೆ ಹೊಳೆಯುತ್ತಿತ್ತು. ಅದನ್ನು ಮೇಲೆತ್ತಿ ತೋರಿಸಿ ಅಜ್ಜಿ ಹೇಳಿತು:

“ಇದೊಂದು ಸರ್ಕಾರದ್ದು ಕಣವ್ವ. ಮಿಕ್ಕ ಒಂಬತ್ತೂ ಎಮ್ಮೇದು.”